ಹಸಿರು ಬೆಟ್ಟದ ಅಜ್ಜನ ತೋಟ, ನಮ್ಮ ನಿವೃತ್ತಿಯ ಲೆಕ್ಕ

ಮಸ್ಕತ್‌ನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿ ಚಹಾ ಕುಡಿಯುವಾಗ 'ಇನ್ನು ಎಷ್ಟು ವರ್ಷ ಇಲ್ಲಿ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರವೂ ಹೆಚ್ಚುಕಡಿಮೆ ಒಂದೇ. ಮಕ್ಕಳ ಓದು ಮುಗಿಯಲಿ, ಆಮೇಲೆ ಊರಿಗೆ ಹೋಗಿ ಗುಡ್ಡದ ಮೇಲೆ ಒಂದು ಚಿಕ್ಕ ಮನೆ ಕಟ್ಟಿಕೊಳ್ಳುವುದು. ಸುತ್ತ ಒಂದಿಷ್ಟು ಅಡಕೆ, ಬಾಳೆ, ಹೂವಿನ ಗಿಡ. ಬೆಳಿಗ್ಗೆ ತೋಟಕ್ಕೆ ನೀರು ಬಿಡುವುದು, ಸಂಜೆ ಜಗಲಿಯಲ್ಲಿ ಕೂತು ಎಲೆ ಹಾಕಿಕೊಳ್ಳುವುದು. ಇಷ್ಟು ಹೇಳಿ ಎಲ್ಲರೂ ಒಂದು ನಿಮಿಷ ಸುಮ್ಮನಾಗುತ್ತೇವೆ. ಆಮೇಲೆ ಮಾತು ವಿಮಾನದ ಟಿಕೆಟ್ ದರದ ಕಡೆಗೆ ಹೊರಳುತ್ತದೆ.

ನಾವೂ ಹೀಗೆಯೇ ಹೇಳುತ್ತಾ ಬಂದವರು. ಲೆಕ್ಕಪತ್ರದ ಕೆಲಸ ಹೊಟ್ಟೆಪಾಡಾದ್ದರಿಂದ ನಮ್ಮ ಕಂಪ್ಯೂಟರಿನಲ್ಲಿ ಈ ಕನಸಿಗೂ ಒಂದು ಹಾಳೆ ಇದೆ. ಮನೆಗೆ ಎಷ್ಟು, ಬೇಲಿಗೆ ಎಷ್ಟು, ಪಂಪ್‌ಸೆಟ್ಟಿಗೆ ಎಷ್ಟು, ತಿಂಗಳ ಖರ್ಚಿಗೆ ಎಷ್ಟು ಬಡ್ಡಿ ಬರಬೇಕು, ಎಲ್ಲವೂ ಅದರಲ್ಲಿದೆ. ಆ ಹಾಳೆಯಲ್ಲಿ ಏನೇನು ಬಿಟ್ಟುಹೋಗಿದೆ ಎಂಬುದು ನಮಗೆ ತಿಳಿದದ್ದು ಕಳೆದ ಏಪ್ರಿಲ್‌ನಲ್ಲಿ, ಇಲ್ಲಿಯ ಜಬಲ್ ಅಖ್ದರ್ ಬೆಟ್ಟದ ಮೇಲೆ.

ಗುಲಾಬಿ ಕೊಯ್ಲಿನ ಶುಕ್ರವಾರ

ಜಬಲ್ ಅಖ್ದರ್ ಎಂದರೆ ಹಸಿರು ಬೆಟ್ಟ. ಒಮಾನಿನ ಹಜರ್ ಪರ್ವತ ಸಾಲಿನ ಭಾಗ. ಮಸ್ಕತ್‌ನಿಂದ ನಿಜ್ವಾ ಕಡೆಗೆ ಒಂದೂವರೆ ಗಂಟೆ ಹೋದರೆ ಬೆಟ್ಟದ ಬುಡದಲ್ಲಿ ಬಿರ್ಕತ್ ಅಲ್ ಮೌಜ್ ಎಂಬ ಊರು ಸಿಗುತ್ತದೆ. ಹೆಸರಿನ ಅರ್ಥ ಬಾಳೆಯ ಕೊಳ. ಅಲ್ಲಿಂದ ಮುಂದೆ ಪೊಲೀಸ್ ಚೌಕಿ. ನಾಲ್ಕೂ ಚಕ್ರ ಎಳೆಯುವ ಗಾಡಿಯನ್ನು ಮಾತ್ರ ಮೇಲಕ್ಕೆ ಬಿಡುತ್ತಾರೆ. ಕಡಿದಾದ ತಿರುವುಗಳನ್ನು ಹತ್ತಿ ಸೈಕ್ ಪ್ರಸ್ಥಭೂಮಿ ಮುಟ್ಟಿದಾಗ ನಾವು ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಎತ್ತರದಲ್ಲಿರುತ್ತೇವೆ. ಕೆಳಗೆ ಮಸ್ಕತ್‌ನಲ್ಲಿ ಹವಾನಿಯಂತ್ರಕ ಹಗಲಿರುಳು ಓಡುವ ಕಾಲದಲ್ಲಿ ಇಲ್ಲಿ ಬೆಳಿಗ್ಗೆ ಶಾಲು ಬೇಕು. ಚಳಿಗಾಲದಲ್ಲಿ ಕೆಲವು ರಾತ್ರಿ ನೀರು ಹೆಪ್ಪುಗಟ್ಟುವುದೂ ಉಂಟು.

ಮಾರ್ಚ್ ಕೊನೆಯಿಂದ ಮೇ ಮೊದಲ ವಾರಗಳವರೆಗೆ ಇಲ್ಲಿ ಗುಲಾಬಿಯ ಕಾಲ. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಪುಟ್ಟ ಗದ್ದೆಗಳು. ಒಂದೊಂದೂ ನಮ್ಮೂರಿನ ಅಂಗಳದಷ್ಟೇ. ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆ ಮಣ್ಣನ್ನು ಹಿಡಿದು ನಿಲ್ಲಿಸಿದೆ. ಗುಲಾಬಿಯ ಜೊತೆಗೆ ದಾಳಿಂಬೆ, ಅಂಜೂರ, ಜರ್ದಾಳು, ಆಕ್ರೋಟ್. ಮರಗಳ ನಡುವಿನ ಜಾಗದಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಆಡಿಗೆ ಹಾಕುವ ಮೇವು. ಅಲ್ ಐನ್, ಅಲ್ ಅಕ್ರ್, ಅಶ್ ಶುರೈಜಾ ಎಂಬ ಹಳ್ಳಿಗಳು ಕಣಿವೆಯ ಅಂಚಿಗೆ ಅಂಟಿಕೊಂಡಂತೆ ಕಾಣುತ್ತವೆ.

ಆ ಶುಕ್ರವಾರ ನಾವು ಅಲ್ ಐನ್‌ನ ಕಾಲುದಾರಿಯಲ್ಲಿ ನಡೆಯುತ್ತಿದ್ದಾಗ ಹಿರಿಯರೊಬ್ಬರು ಬುಟ್ಟಿ ಹಿಡಿದು ಹೂ ಬಿಡಿಸುತ್ತಿದ್ದರು. ಎಪ್ಪತ್ತು ದಾಟಿದ ವಯಸ್ಸು. ಸಲಾಂ ಹೇಳಿದೆವು. ನಮ್ಮ ಮುಖ ನೋಡಿ ಹಿಂದಿಯಲ್ಲೇ ಉತ್ತರ ಕೊಟ್ಟರು. ಹಳೆಯ ತಲೆಮಾರಿನ ಅನೇಕ ಒಮಾನಿಯರಿಗೆ ಹಿಂದಿ ಬರುತ್ತದೆ. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಬಹಳ ವರ್ಷಗಳಾದವಂತೆ. ಕೆಲಸ ಮುಗಿಸಿ ಬನ್ನಿ, ಕಹ್ವಾ ಕುಡಿಯೋಣ ಎಂದರು. ಕೆಲಸ ಅವರದ್ದು, ಆದರೆ ನಮ್ಮ ಮಕ್ಕಳ ಕೈಗೂ ಒಂದು ಬುಟ್ಟಿ ಬಂತು. ಬಿಸಿಲೇರಿದರೆ ಹೂವಿನ ಪರಿಮಳ ಆರಿಹೋಗುತ್ತದೆ, ಅದಕ್ಕೇ ಬೆಳಕು ಹರಿಯುವಾಗಲೇ ಕೊಯ್ಲು.

ಬಿಡಿಸಿದ ಹೂ ಅವರ ಮನೆಯ ಪಕ್ಕದ ಮಣ್ಣಿನ ಒಲೆಗೆ ಹೋಯಿತು. ಒಲೆಯ ಮೇಲಿನ ಪಾತ್ರೆಗೆ ಎಸಳು ಮತ್ತು ನೀರು, ಅದರೊಳಗೆ ಒಂದು ತಾಮ್ರದ ಬಟ್ಟಲು, ಬಾಯಿಗೆ ತಣ್ಣೀರು ತುಂಬಿದ ಇನ್ನೊಂದು ಪಾತ್ರೆ. ಆವಿ ಮೇಲೇರಿ ತಣ್ಣನೆಯ ತಳಕ್ಕೆ ತಾಗಿ ಹನಿಹನಿಯಾಗಿ ಬಟ್ಟಲಿಗೆ ಬೀಳುತ್ತದೆ. ಆ ಪನ್ನೀರನ್ನು ತಿಳಿಯಾಗಲು ವಾರಗಟ್ಟಲೆ ಇಡುತ್ತಾರೆ. ಹೊಗೆಯ ವಾಸನೆ ಬೆರೆತ, ಸ್ವಲ್ಪ ಕಂದು ಬಣ್ಣದ ಈ ಪನ್ನೀರು ಇಲ್ಲಿಯವರ ಕಾಫಿಗೂ ಬೇಕು, ಹಲ್ವಾಕ್ಕೂ ಬೇಕು.

ಎಷ್ಟು ಜಮೀನು? ಎಷ್ಟು ನೀರು?

ಕಹ್ವಾ, ಖರ್ಜೂರದ ಮುಂದೆ ಕೂತಾಗ ನಾವು ನಮ್ಮ ಬುದ್ಧಿಗೆ ತಕ್ಕ ಪ್ರಶ್ನೆ ಕೇಳಿದೆವು. ನಿಮ್ಮದು ಒಟ್ಟು ಎಷ್ಟು ಜಮೀನು? ಅಜ್ಜ ಸ್ವಲ್ಪ ಯೋಚಿಸಿ 'ಮೂರು ಅಥರ್' ಎಂದರು. ಅದು ಜಮೀನಿನ ಅಳತೆಯೇ ಅಲ್ಲ, ನೀರಿನ ಅಳತೆ.

ಒಮಾನಿನ ತೋಟಗಳು ಬದುಕಿರುವುದು ಫಲಜ್ ಎಂಬ ಕಾಲುವೆಗಳಿಂದ. ಬೆಟ್ಟದ ಒರತೆಯ ನೀರು, ಕೆಲವು ಕಡೆ ನೆಲದಡಿಯ ಸುರಂಗದ ನೀರು, ಪಂಪಿನ ಸಹಾಯವಿಲ್ಲದೆ ಇಳಿಜಾರಿನಲ್ಲೇ ಹರಿದು ಊರಿಗೆ ಬರುತ್ತದೆ. ಇಂಥ ಐದು ಫಲಜ್‌ಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಒಂದು ಬೆಟ್ಟದ ಬುಡದ ಬಿರ್ಕತ್ ಅಲ್ ಮೌಜ್‌ನಲ್ಲಿರುವ ಫಲಜ್ ಅಲ್ ಖತ್ಮೀನ್.

ನೀರನ್ನು ಹಂಚುವುದು ಸಮಯದ ಲೆಕ್ಕದಲ್ಲಿ. ಒಂದು ಅಥರ್ ಎಂದರೆ ಸುಮಾರು ಅರ್ಧ ಗಂಟೆಯ ಹರಿವು. ಹಿಂದೆ ಹಗಲು ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಪಾಳಿ ಬದಲಿಸುತ್ತಿದ್ದರು. ಈಗ ಕೈಗಡಿಯಾರ ಬಂದಿದೆ. ಪಾಳಿ ಮಾತ್ರ ಹಾಗೆಯೇ ಇದೆ. ರಾತ್ರಿ ಎರಡು ಗಂಟೆಗೆ ನಿಮ್ಮ ಸರದಿ ಬಂದರೆ ಎರಡಕ್ಕೇ ಎದ್ದು ಹೋಗಿ ಕಾಲುವೆಯ ಬಾಯಿಯ ಕಲ್ಲು ಮತ್ತು ಬಟ್ಟೆ ತೆಗೆಯಬೇಕು. ತಪ್ಪಿದರೆ ನೀರು ಮುಂದಿನವರ ಪಾಲು.

ಅಜ್ಜನ ದಿನಚರಿ ಹೀಗಿದೆ. ಬೆಳಗಿನ ನಮಾಜು ಮುಗಿಸಿ ನೇರ ತೋಟಕ್ಕೆ. ಹೂವಿನ ಕಾಲದಲ್ಲಿ ಕೊಯ್ಲು, ಉಳಿದ ದಿನ ಕಳೆ ಕೀಳುವುದು, ಕುಸಿದ ಗೋಡೆಗೆ ಕಲ್ಲು ಜೋಡಿಸುವುದು. ಎಂಟಕ್ಕೆ ರೊಟ್ಟಿ. ಮಧ್ಯಾಹ್ನ ಮಲಗುವುದು. ಸಂಜೆ ಆಡಿಗೆ ಮೇವು, ಕಾಲುವೆಯ ಕಡೆ ಒಂದು ಸುತ್ತು, ನೆರೆಯವರ ಜೊತೆ ಮಾತು. ಚಳಿಗಾಲದಲ್ಲಿ ಗಿಡ ಸವರುವುದು, ಗೊಬ್ಬರ ಹಾಕುವುದು. ಬೇಸಿಗೆ ಕೊನೆಗೆ ದಾಳಿಂಬೆ. ಮಗ ಮಸ್ಕತ್‌ನಲ್ಲಿ ಕಚೇರಿ ಕೆಲಸದಲ್ಲಿದ್ದಾನೆ, ಗುರುವಾರ ರಾತ್ರಿ ಬರುತ್ತಾನೆ. ಭಾರದ ಕೆಲಸಕ್ಕೆ ಬಾಂಗ್ಲಾದೇಶದ ಯುವಕನೊಬ್ಬನಿದ್ದಾನೆ. ಆತ ನಮ್ಮೊಂದಿಗೆ ಮಾತಾಡುತ್ತಾ, ಊರಲ್ಲಿ ಸ್ವಲ್ಪ ಹೊಲ ಕೊಳ್ಳಲು ದುಡ್ಡು ಕಳಿಸುತ್ತಿದ್ದೇನೆ ಎಂದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಈ ಬದುಕನ್ನು ನಾವು ಹೊಗಳಿದಾಗ ಅಜ್ಜ ತಲೆಯಾಡಿಸಿದರು. ಮೊದಲಿನಷ್ಟು ಮಳೆಯಿಲ್ಲ, ನೀರು ಇಳಿದಿದೆ, ಹುಡುಗರಿಗೆ ಪಾಳಿ ಕಾಯುವ ವ್ಯವಧಾನವಿಲ್ಲ ಎಂದರು. ಹತ್ತಿರದ ವಾದಿ ಬನಿ ಹಬೀಬ್‌ನಲ್ಲಿ ಕಲ್ಲುಮಣ್ಣಿನ ಹಳೆಯ ಊರು ಖಾಲಿ ಬಿದ್ದಿದೆ. ಜನ ಮೇಲಿನ ಹೊಸ ಮನೆಗಳಿಗೆ ಹೋದರು. ಕೆಳಗೆ ಆಕ್ರೋಟ್, ದಾಳಿಂಬೆ ಮರಗಳು ಉಳಿದಿವೆ.

ಕೊನೆಗೆ ಅವರು ಕೇಳಿದರು: 'ನಿಮಗೂ ಊರಲ್ಲಿ ತೋಟ ಇದೆ ಎಂದಿರಲ್ಲ, ಈಗ ಅಲ್ಲಿ ನೀರು ಬಿಡುವವರು ಯಾರು?'

ಜುಲೈಯಲ್ಲಿ ಮಾತ್ರ ನೋಡಿದ ತೋಟ

ನೀರು ಬಿಡುವವರು ನಮ್ಮ ಅಪ್ಪ. ವಯಸ್ಸು ಎಪ್ಪತ್ತನಾಲ್ಕು. ನಮ್ಮ ಮನೆ ವಿಟ್ಲದಿಂದ ಮುಂದೆ ಕೇರಳದ ಗಡಿಯ ಹತ್ತಿರ, ಗುಡ್ಡದ ಬದಿಯಲ್ಲಿ. ಅಲ್ಲಿಯೂ ಪೆರ್ಲ, ಬಾಯಾರು ಕಡೆಯೂ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಒಬ್ಬ ಮನುಷ್ಯ ನಡೆದು ಹೋಗುವಷ್ಟು ಕಿಂಡಿ. ಒಳಗೆ ಜಿನುಗುವ ನೀರು ತಾನಾಗಿ ಹರಿದು ಬಂದು ಅಂಗಳದ ಕೆರೆಗೆ ಬೀಳುತ್ತದೆ. ಪಂಪು ಬೇಡ. ಅಜ್ಜನ ಫಲಜ್ ನೋಡಿದಾಗ ನಮಗೆ ನೆನಪಾದದ್ದು ಅದೇ.

ಈ ಸುರಂಗ ಎಂಥ ದುಡಿಮೆ ಬೇಡುತ್ತದೆ ಎಂಬುದಕ್ಕೆ ನಮ್ಮ ಭಾಗದಲ್ಲಿ ದೊಡ್ಡ ಉದಾಹರಣೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು. ಕೂಲಿ ಕೆಲಸ ಮಾಡುತ್ತಿದ್ದ ಅವರು ತಮಗೆ ಸಿಕ್ಕ ಬೋಳುಗುಡ್ಡದಲ್ಲಿ ದಿನದ ದುಡಿಮೆ ಮುಗಿಸಿ ಒಬ್ಬರೇ ಸುರಂಗ ತೋಡಿದರು. ಮೊದಲಿನ ಕೆಲವು ಸುರಂಗಗಳಲ್ಲಿ ನೀರು ಸಿಗಲಿಲ್ಲ. ಬಿಡದೆ ತೋಡಿ ನೀರು ತಂದರು, ಅಡಕೆ ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು.

ನಮ್ಮ ಮನೆಯ ಸುರಂಗ ಅಜ್ಜನ ಕಾಲದ್ದು. ವರ್ಷಕ್ಕೊಮ್ಮೆ ಒಳಗಿನ ಕೆಸರು ತೆಗೆಯಬೇಕು. ಇಲ್ಲದಿದ್ದರೆ ನೀರಿನ ದಾರಿ ಕಟ್ಟುತ್ತದೆ. ಇದನ್ನು ಅಪ್ಪ ಇಷ್ಟು ವರ್ಷ ಯಾರ ಕೈಯಲ್ಲಿ ಮಾಡಿಸಿದರು, ಎಷ್ಟು ಸಲ ತಾವೇ ಇಳಿದರು ಎಂದು ನಾವು ಕೇಳಿರಲಿಲ್ಲ. ನಾವು ಫೋನಿನಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ, 'ದುಡ್ಡು ಸಾಕಾ?'

ಬೆಟ್ಟದಿಂದ ಇಳಿಯುವ ದಾರಿಯಲ್ಲಿ ಇನ್ನೊಂದು ಸಂಗತಿ ಹೊಳೆಯಿತು. ಇಲ್ಲಿಯ ಭಾರತೀಯ ಶಾಲೆಗಳಿಗೆ ದೊಡ್ಡ ರಜೆ ಜೂನ್, ಜುಲೈಯಲ್ಲಿ. ಹಾಗಾಗಿ ಮಕ್ಕಳನ್ನು ಕಟ್ಟಿಕೊಂಡ ನಾವೆಲ್ಲ ಊರಿಗೆ ಹೋಗುವುದು ಮಳೆಗಾಲದಲ್ಲೇ. ಆಗ ಗುಡ್ಡ ಹಸಿರು, ತೋಡು ತುಂಬಿ ಹರಿಯುತ್ತದೆ, ಕೆರೆ ಉಕ್ಕುತ್ತದೆ. ಅದರ ಫೋಟೊ ಹಿಡಿದು ವರ್ಷವಿಡೀ ನೋಡುತ್ತೇವೆ. ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ಅದೇ ತೋಟ ಹೇಗಿರುತ್ತದೆ ಎಂಬುದನ್ನು ನಾವು ಹದಿನಾರು ವರ್ಷಗಳಿಂದ ನೋಡಿಲ್ಲ. ನಮ್ಮ ನಿವೃತ್ತಿಯ ಹಾಳೆಯಲ್ಲಿ ವರ್ಷಕ್ಕೆ ಹನ್ನೆರಡು ತಿಂಗಳೂ ಜುಲೈ!

ಯಾರ ಹೆಸರಿನ ತೋಟ?

ನೀರಿನ ಮಾತು ಹೀಗಾದರೆ, ಕಾಗದದ ಮಾತು ಬೇರೆಯೇ. ನಮ್ಮ ಹಿರಿಯ ಮಿತ್ರರೊಬ್ಬರು ಇಲ್ಲಿ ಇಪ್ಪತ್ತೇಳು ವರ್ಷ ದುಡಿದು ಎರಡು ವರ್ಷದ ಹಿಂದೆ ಊರಿಗೆ ಮರಳಿದರು. ಇಲ್ಲಿ ಕೆಲಸವಿದ್ದರೆ ವೀಸಾ, ಕೆಲಸ ಮುಗಿದರೆ ಗಂಟುಮೂಟೆ. ನಿವೃತ್ತರಿಗೆಂದು ದೀರ್ಘಾವಧಿ ವಾಸದ ಯೋಜನೆ ಇದ್ದರೂ ಅದಕ್ಕೆ ಬೇಕಾದ ಮಾಸಿಕ ಆದಾಯ ನಮ್ಮಂಥವರಿಗೆ ಎಟುಕುವಂಥದ್ದಲ್ಲ. ಬೆಟ್ಟದಲ್ಲೊಂದು ತುಂಡು ನೆಲ ಕೊಳ್ಳುವ ಮಾತಂತೂ ಇಲ್ಲ. ಜಬಲ್ ಅಖ್ದರ್, ಜಬಲ್ ಶಮ್ಸ್ ಸೇರಿದಂತೆ ಹಲವೆಡೆ ಹೊರದೇಶದವರು ಜಮೀನು ಹೊಂದುವುದನ್ನು 2018ರ ರಾಜಾಜ್ಞೆ ನಿಷೇಧಿಸಿತು. ಊರೇ ನಮ್ಮ ಗತಿ, ಅದರಲ್ಲಿ ಬೇಸರವೂ ಇಲ್ಲ.

ಆ ಮಿತ್ರರು ಹದಿನೈದು ವರ್ಷದ ಹಿಂದೆಯೇ ಅಣ್ಣನಿಗೆ ದುಡ್ಡು ಕಳಿಸಿ ಮಲೆನಾಡಿನ ಅಂಚಿನಲ್ಲಿ ಮೂರು ಎಕರೆ ಕೊಂಡಿದ್ದರು. ಪತ್ರ ಅಣ್ಣನ ಹೆಸರಿನಲ್ಲಿ. ಅಣ್ಣ ಒಳ್ಳೆಯವರು, ಅಡಕೆ ಬೆಳೆಸಿದರು, ಪುಟ್ಟ ಮನೆಯನ್ನೂ ಕಟ್ಟಿಸಿದರು. ಆದರೆ ಮಿತ್ರರು ಮರಳುವ ವರ್ಷವೇ ತೀರಿಕೊಂಡರು. ಜಮೀನು ಅವರ ಮಕ್ಕಳ ಹೆಸರಿಗೆ ಹೋಯಿತು. ಮಕ್ಕಳು ಕೆಟ್ಟವರಲ್ಲ. 'ಚಿಕ್ಕಪ್ಪ, ನೀವಿರುವಷ್ಟು ದಿನ ಮನೆ ನಿಮ್ಮದೇ' ಎಂದಿದ್ದಾರೆ. ಮಿತ್ರರು ಈಗ ಅಲ್ಲಿದ್ದಾರೆ. ಬೆಳಿಗ್ಗೆ ಗಿಡಗಳಿಗೆ ನೀರು ಬಿಡುತ್ತಾರೆ, ಕಳೆ ಕೀಳುತ್ತಾರೆ. ಮೊನ್ನೆ ಫೋನಿನಲ್ಲಿ, 'ಒಂದು ಮಾವಿನ ಸಸಿ ನೆಡಲೂ ಅವರನ್ನು ಕೇಳಬೇಕಲ್ಲ ಅನ್ನಿಸುತ್ತದೆ' ಎಂದರು. ಕೇಳಿದರೆ ಬೇಡ ಎನ್ನುವವರಲ್ಲ. ಆದರೂ ಕೇಳಬೇಕು.

ಈ ಪುಟ ಓದುವ ಮನೆಗಳಲ್ಲಿ ಇಂಥದ್ದು ಇನ್ನೊಂದು ನಡೆಯದಿರಲಿ ಎಂದು ನಮ್ಮ ವೃತ್ತಿಯ ನಾಲ್ಕು ಮಾತು ಹೇಳುತ್ತೇವೆ.

ಅನಿವಾಸಿಗಳು ಭಾರತದಲ್ಲಿ ಮನೆ, ನಿವೇಶನ, ಅಂಗಡಿ ಕೊಳ್ಳಬಹುದು. ಆದರೆ ಕೃಷಿ ಜಮೀನು, ಪ್ಲಾಂಟೇಷನ್, ತೋಟದ ಮನೆ ಕೊಳ್ಳಲು ವಿದೇಶಿ ವಿನಿಮಯ ಕಾಯ್ದೆ, ಅಂದರೆ ಫೆಮಾ, ಬಿಡುವುದಿಲ್ಲ. ದಾನಪತ್ರದ ಮೂಲಕವೂ ಪಡೆಯುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ. ವಿದೇಶಕ್ಕೆ ಹೋಗುವ ಮೊದಲೇ ಕೊಂಡದ್ದಿದ್ದರೆ ಅದನ್ನೂ ಇಟ್ಟುಕೊಳ್ಳಬಹುದು. ಕರ್ನಾಟಕದಲ್ಲಿ 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂಬುದನ್ನು ಕೇಳಿ ಕೆಲವರು ಇಲ್ಲಿಂದಲೇ ಮುಂಗಡ ಕೊಡುತ್ತಾರೆ. ಅದು ರಾಜ್ಯದ ಕಾನೂನು. ಅನಿವಾಸಿಗಳಿಗೆ ಫೆಮಾದ ತಡೆ ಹಾಗೆಯೇ ಇದೆ.

ಅಣ್ಣತಮ್ಮಂದಿರ ಹೆಸರಿನಲ್ಲಿ ನಮ್ಮ ದುಡ್ಡಿನಿಂದ ಕೊಂಡರೆ ಬೇನಾಮಿ ಕಾಯ್ದೆಯ ತೊಡಕು ಬರುತ್ತದೆ. ಪತ್ರದಲ್ಲಿ ನಮ್ಮ ಹೆಸರೂ ಜಂಟಿಯಾಗಿದ್ದರೆ ಆ ಕಾಯ್ದೆ ಒಪ್ಪುತ್ತದೆ. ಆದರೆ ಕೃಷಿ ಜಮೀನಿಗೆ ನಮ್ಮ ಹೆಸರು ಸೇರಿಸಲು ಫೆಮಾ ಒಪ್ಪುವುದಿಲ್ಲ. ಪತ್ನಿ ಮತ್ತು ಮಕ್ಕಳ ಹೆಸರಿಗೆ ಬೇನಾಮಿ ಕಾಯ್ದೆ ವಿನಾಯಿತಿ ಕೊಡುತ್ತದೆ. ಆದರೆ ಅವರೂ ನಮ್ಮೊಂದಿಗೆ ವಿದೇಶದಲ್ಲೇ ಇದ್ದರೆ ಮತ್ತೆ ಫೆಮಾ ಅಡ್ಡ. ಸರಿಯಾದ ದಾರಿ ಎಂದರೆ ಕಾಯಂ ಆಗಿ ಊರಿಗೆ ಮರಳಿ ನಿವಾಸಿಯಾದ ಮೇಲೆ ನಮ್ಮ ಹೆಸರಿನಲ್ಲೇ ಕೊಳ್ಳುವುದು. ಅಥವಾ ಹಿರಿಯರ ಜಮೀನಿನ ಪಾಲು, ವೀಲುನಾಮೆ, ಪಹಣಿಗಳನ್ನು ಅವರು ಇರುವಾಗಲೇ ಕೂತು ಮಾತಾಡಿ ನೇರ್ಪುಮಾಡುವುದು. ಮುಂಗಡ ಕೊಡುವ ಮೊದಲು ಊರಿನ ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ಒಮ್ಮೆ ಕೇಳಿ.

ಇನ್ನೊಂದು ಮಾತು ಗ್ರಾಚ್ಯುಟಿಯದು. ಒಮಾನಿನ 2023ರ ಕಾರ್ಮಿಕ ಕಾನೂನು ಸೇವೆಯ ವರ್ಷಕ್ಕೆ ಒಂದು ತಿಂಗಳ ಸಂಬಳದ ಲೆಕ್ಕ ಹೇಳುತ್ತದೆ. ಆದರೆ ಅದು ಮೂಲವೇತನ. ಮನೆಬಾಡಿಗೆ, ವಾಹನ ಭತ್ಯೆ ಅದಕ್ಕೆ ಸೇರುವುದಿಲ್ಲ. ಒಟ್ಟು ಸಂಬಳ ಹಿಡಿದು ಗುಣಿಸಿ, ಅದರ ಮೇಲೆ ಮನೆಯ ನಕ್ಷೆ ಬರೆಸಿದವರು ನಮಗೆ ಗೊತ್ತು. ಊರಲ್ಲಿರುವ ಮನೆಯವರೂ ಒಮ್ಮೆ ಮೂಲವೇತನ ಎಷ್ಟು ಎಂದು ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಕೈಗೆ ಮಣ್ಣು ತಾಗಲಿ

ಬೆಟ್ಟದಿಂದ ಬಂದ ಮೇಲೆ ನಮ್ಮ ಮನೆಯಲ್ಲಿ ದೊಡ್ಡ ಬದಲಾವಣೆ ಏನೂ ಆಗಿಲ್ಲ. ರೂವಿಯ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಮೊದಲು ತುಳಸಿ ಮಾತ್ರ ಇತ್ತು, ಈಗ ಬಸಳೆಯೂ ಕರಿಬೇವೂ ಇವೆ. ಜೂನ್‌ನಲ್ಲಿ ಎರಡು ಕುಂಡ ಸುಟ್ಟುಹೋದವು. ಮಧ್ಯಾಹ್ನ ಕೊಳವೆಯಲ್ಲಿ ಬರುವ ಬಿಸಿನೀರು ಹಾಕಿದ್ದು ನಮ್ಮದೇ ತಪ್ಪು. ಅಂದಿನಿಂದ ಮಕ್ಕಳಿಗೆ ಪಾಳಿ ಮಾಡಿದ್ದೇವೆ. ಶಾಲೆಯ ಬಸ್ಸು ಬರುವ ಮೊದಲು ದೊಡ್ಡವಳು, ಸಂಜೆ ಚಿಕ್ಕವನು. ಗೋಡೆಯ ಮೇಲೆ ಬರೆದಿಟ್ಟ ಪಟ್ಟಿಗೆ ಅವರು ಇಟ್ಟ ಹೆಸರು ಅಥರ್.

ಅಪ್ಪನ ಹತ್ತಿರ ಮಾತಾಡುವ ಪ್ರಶ್ನೆಗಳೂ ಸ್ವಲ್ಪ ಬದಲಾಗಿವೆ. ಕೆರೆಯಲ್ಲಿ ಎಷ್ಟು ಮೆಟ್ಟಿಲು ನೀರಿದೆ, ಮೇಲಿನ ಸಾಲಿಗೆ ಯಾವಾಗ ಬಿಟ್ಟಿರಿ, ಕೆಸರು ತೆಗೆಯಲು ಯಾರು ಬರುತ್ತಾರೆ ಎಂದು ಕೇಳುತ್ತೇವೆ. ಮೊದಮೊದಲು ಅಪ್ಪನಿಗೆ ಅನುಮಾನ ಬಂತು. 'ಏನು, ಕೆಲಸ ಹೋಯಿತಾ?' ಎಂದು ಕೇಳಿದರು. ಇಲ್ಲ ಎಂದೆವು. ಈಗ ಅವರಾಗಿಯೇ ಹೇಳುತ್ತಾರೆ. ಪಾಲುಪಟ್ಟಿಯ ಮಾತನ್ನೂ ಒಂದು ಸಂಜೆ ಎತ್ತಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನೀವು ಬಂದಾಗ ಎಲ್ಲರೂ ಕೂತು ಮಾಡೋಣ, ಫೋನಿನಲ್ಲಿ ಬೇಡ' ಎಂದರು.

ಬರುವ ವರ್ಷ ರಜೆಯನ್ನು ಎರಡು ಭಾಗ ಮಾಡಿದ್ದೇವೆ. ಮಾರ್ಚ್ ಕೊನೆಗೆ ಶಾಲೆಯ ಹಳೆಯ ತರಗತಿ ಮುಗಿದು ಹೊಸದು ಶುರುವಾಗುವ ಮೊದಲು ಸಿಗುವ ನಾಲ್ಕು ದಿನ, ಅದಕ್ಕೆ ಇನ್ನಷ್ಟು ಸೇರಿಸಿ ಒಟ್ಟು ಹತ್ತು ದಿನ. ಮಕ್ಕಳಿಗೆ ಅಷ್ಟು ದಿನ ಬಿಡುವಿರದಿದ್ದರೆ ನಮ್ಮಲ್ಲಿ ಒಬ್ಬರು ಇಲ್ಲಿ ಉಳಿಯಬೇಕಾದೀತು. ಆಗ ಗುಡ್ಡ ಒಣಗಿರುತ್ತದೆ, ಫೋಟೊ ತೆಗೆಯುವಂತಿರುವುದಿಲ್ಲ. ಸುರಂಗದ ಕೆಸರು ತೆಗೆಯಲು ಅದೇ ಕಾಲ ಎಂದು ಅಪ್ಪ ಹೇಳಿದ್ದಾರೆ.

ರಜೆಯ ಅರ್ಜಿ ನೋಡಿ ಕಚೇರಿಯಲ್ಲಿ, 'ಈ ಬಿಸಿಲಿನಲ್ಲಿ ಊರಿಗಾ?' ಎಂದು ಕೇಳಿದರು. ಹೌದು, ನೀರಿನ ಪಾಳಿ ಇದೆ ಎಂದೆವು.